ಮೂರು ಶನಿವಾರ, ಎರಡು ಟೈರು

ಇಂಗ್ಲೆಂಡಿಗೆ ಹೋಗಿ ಬಂದವರನ್ನು ನಮ್ಮ ಕಡೆಯ ಜನ ಮೊದಲು ಕೇಳುವುದು, ರಾಣಿಯ ಅರಮನೆ ನೋಡಿದಿರಾ ಎಂದು. ಆಮೇಲೆ, ಅಲ್ಲಿ ಚಳಿ ಹೇಗೆ ಎಂದು. ಚಳಿ ಇತ್ತು. ಅರಮನೆ ನಾನು ನೋಡಲಿಲ್ಲ. ಇಪ್ಪತ್ತನಾಲ್ಕು ದಿನ ಆ ದೇಶದಲ್ಲಿದ್ದು ನಾನು ಕಣ್ತುಂಬ ನೋಡಿದ್ದು ಟೈರಿನ ಅಂಗಡಿಗಳನ್ನು. ರಾಯಚೂರಿನ ಬಸ್ ಡಿಪೋದಲ್ಲಿ ಟೈರ್ ಸೆಕ್ಷನ್ನಿನ ಗುಮಾಸ್ತನಾಗಿ ಇಪ್ಪತ್ಮೂರು ವರ್ಷ ಕುಳಿತವನು ನಾನು. ಯಾವ ಟೈರು ಯಾವ ಬಸ್ಸಿನಲ್ಲಿದೆ, ಎಷ್ಟು ಓಡಿದೆ, ಸವೆದ ಮೇಲೆ ಹೊಸ ರಬ್ಬರು ಹೊದೆಸಿ ಎಷ್ಟು ಸಲ ರೀಟ್ರೆಡ್ ಆಗಿದೆ ಎಂದು ದಿನಾ ಬರೆಯುವುದೇ ನನ್ನ ಕೆಲಸ. ಅಂಥವನು ರಜೆ ಹಾಕಿ ಸಮುದ್ರ ದಾಟಿ ಹೋದರೆ ಅಲ್ಲಿಯೂ ಟೈರೇ ಗಂಟುಬೀಳಬೇಕೆ? ಹೇಳುತ್ತೇನೆ ಕೇಳಿ.

ಹೊರಡುವ ಮುಂಚೆ, ಮಾನ್ವಿ

ಶರಣಪ್ಪ ನನ್ನ ಅಕ್ಕನ ಮಗ. ಕುರ್ಡಿಯ ಕುರಿ ಕಾಯುವ ಮನೆಯ ಹುಡುಗ. ಮಾನ್ವಿಯಲ್ಲಿ ನಮ್ಮ ಮನೆಯಲ್ಲಿದ್ದು ಓದಿ ಡಾಕ್ಟರಾದ, ಆಮೇಲೆ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಎಂಬತ್ತನಾಲ್ಕರಲ್ಲಿ ಅವನೇ ಟಿಕೆಟ್ ಕಳಿಸಿ, ಬಾ ಮಾಮಾ, ಒಂದು ತಿಂಗಳು ಇದ್ದು ಹೋಗು ಎಂದು ಬರೆದ. ನನಗೆ ದೇಶ ನೋಡುವ ಹುಚ್ಚೇನೂ ಇರಲಿಲ್ಲ. ಹೊರಡಿಸಿದವಳು ನನ್ನ ಹೆಂಡತಿ ಮಲ್ಲಮ್ಮ.

ಅದಕ್ಕೆ ಕಾರಣ ಇಪ್ಪತ್ತೆರಡು ವರ್ಷದ ಹಿಂದಿನದು. ಮಾನ್ವಿಯ ಊರಾಚೆ ಆಗ ಒಂದು ಸಣ್ಣ ಮಿಷನ್ ದವಾಖಾನೆ ಇತ್ತು. ಅಲ್ಲಿ ಮಾರ್ಗರೆಟ್ ಎಂಬ ಬಿಳಿಯ ನರ್ಸಮ್ಮ, ನಮ್ಮ ಬಾಯಲ್ಲಿ ಸಿಸ್ಟರ್. ಮಲ್ಲಮ್ಮನಿಗೆ ಅಲ್ಲಿ ಅವಳಿ ಮಕ್ಕಳಾದವು. ಹೆಣ್ಣು ಉಳಿಯಿತು. ಅವಳೇ ಈಗ ದೇವದುರ್ಗದಲ್ಲಿ ಸಂಸಾರ ಮಾಡುತ್ತಿರುವ ಗಂಗಮ್ಮ. ಗಂಡು ಸತ್ತೇ ಹುಟ್ಟಿತು ಎಂದು ನಮಗೆ ಹೇಳಿದರು. ತಾಯಿಗೆ ಮೂರು ದಿನ ಎಚ್ಚರವಿರಲಿಲ್ಲ. ರಾಯಚೂರಿನಲ್ಲಿದ್ದ ನನಗೆ ಸುದ್ದಿ ಮುಟ್ಟಿ ನಾನು ಬರುವಷ್ಟರಲ್ಲಿ ಸಿಸ್ಟರೇ ಮಗುವನ್ನು ಮಣ್ಣು ಮಾಡಿ ಮುಗಿಸಿದ್ದರು. ಎಲ್ಲಿ ಎಂದು ನಾನು ಕೇಳಲಿಲ್ಲ. ಹೆಂಡತಿ ಬದುಕುತ್ತಾಳೋ ಇಲ್ಲವೋ ಎಂಬುದೊಂದೇ ಆಗ ತಲೆಯಲ್ಲಿತ್ತು. ಅವಳು ಎದ್ದು ಕೂಡುವಂತಾದ ಮೇಲೆ ಮನೆಯ ಹಿರಿಯರು ಬಾಯಿ ಮುಚ್ಚಿಸಿದರು: ಅಂಥ ಜಾಗ ತಾಯಿಗೆ ಗೊತ್ತಾಗಬಾರದು, ಮುಂದಿನ ಬಸುರಿಗೆ ಕೇಡು ಎಂದು. ಮುಂದೆ ಬಸುರು ನಿಲ್ಲಲೇ ಇಲ್ಲ. ಮರುವರ್ಷ ಸಿಸ್ಟರ್ ತಮ್ಮ ದೇಶಕ್ಕೆ ಹೋದರು.

ವರ್ಷಕ್ಕೊಂದು ಪತ್ರ ಮಾತ್ರ ತಪ್ಪಲಿಲ್ಲ. ಅವರು ಕನ್ನಡದಲ್ಲೇ ಬರೆಯುತ್ತಿದ್ದರು. ಎರಡು ವರ್ಷದಿಂದ ಕಣ್ಣು ಮಂಜಾಗಿ, ಅವರ ತಮ್ಮನ ಮಗಳು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದಳು. ಕೊನೆಯ ಪತ್ರದಲ್ಲಿ, ಅತ್ತೆಯನ್ನು ಕೆನಡಾಕ್ಕೆ ಕರೆದುಕೊಂಡು ಹೋಗುವವಳಿದ್ದೇನೆ ಎಂದಿತ್ತು. ನಾನು ಇಂಗ್ಲೆಂಡಿನಲ್ಲಿರುವ ಮೂರನೆಯ ಭಾನುವಾರದ ನಂತರ ಅವರು ಅಲ್ಲಿರುವುದಿಲ್ಲ.

"ಪತ್ರದಾಗ ಬರದು ಕೇಳೂಣೇನು?" ಎಂದೆ.

"ನನ್ನ ಕೂಸಿನ ಮಾತು ಮೂರನೇದವರು ಓದಿ ಹೇಳಬೇಕೇನು?" ಎಂದಳು ಮಲ್ಲಮ್ಮ. "ನೀವು ಎದುರಿಗೆ ಕುಂತು ಕೇಳಿಕೊಂಡು ಬರ್ರಿ. ಎಲ್ಲಿ ಇಟ್ಟಾರ, ಅಷ್ಟ. ಸೀರಿ ಬ್ಯಾಡ, ಗಡಿಯಾರ ಬ್ಯಾಡ, ಮತ್ತೇನೂ ತರಬ್ಯಾಡ್ರಿ ನನಗ."

ಗುರುವಾರ, ಬಂದಿಳಿದ ದಿನ

ವಿಮಾನ ನಿಲ್ದಾಣದ ಸುಂಕದವನು ನನ್ನ ಗಂಟು ಬಿಚ್ಚಿಸಿದ. ಗಂಗಮ್ಮ ದೇವದುರ್ಗದಿಂದ ಕಳಿಸಿದ್ದ ಸಜ್ಜೆಯ ಕಟಕ್ ರೊಟ್ಟಿ ಅದರಲ್ಲಿತ್ತು. ಒಂದನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಬಡಿದ. ಏನಿದು ಎಂದ. ಊಟ ಎಂದೆ. ನಂಬಲಿಲ್ಲ. ಮುರಿದು ತಿಂದು ತೋರಿಸಿದೆ. ಆ ಸದ್ದಿಗೆ ಹಿಂದೆ ನಿಂತಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಅವನು ನನ್ನ ಹಲ್ಲುಗಳನ್ನು ನೋಡಿ ಗೌರವದಿಂದ ಬಿಟ್ಟುಕೊಟ್ಟ.

ಹೊರಗೆ ಶರಣಪ್ಪ ನಿಂತಿದ್ದ. ನನ್ನದೇ ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದು ಬರೆದಿದ್ದವನು ಬಸ್ಸಿನಲ್ಲಿ ಬಂದಿದ್ದ. ಅಲ್ಲಿಗೇ ನನಗೆ ತಿಳಿಯಬೇಕಿತ್ತು.

ಕಾರು ಅವನ ಮನೆಯ ಪಕ್ಕದ ಷೆಡ್ಡಿನಲ್ಲಿತ್ತು. ಹಸಿರು ಬಣ್ಣದ್ದು, ಎರಡೇ ಆಸನ, ತಲೆಗೆ ಬಟ್ಟೆಯ ಹೊದಿಕೆ. ಎತ್ತರ ನನ್ನ ಎದೆಗೂ ಬರಲಿಲ್ಲ. ಒಳಗೆ ಕೂಡಬೇಕೆಂದರೆ ಮೊದಲು ಕಾಲು ತೂರಿಸಿ, ಆಮೇಲೆ ಸೊಂಟ ಇಳಿಸಿ, ಕೊನೆಗೆ ತಲೆ ತಗ್ಗಿಸಬೇಕು. ಕೂತ ಮೇಲೆ ನೆಲ ಎಷ್ಟು ಹತ್ತಿರವೆಂದರೆ ಬಾಗಿಲಿಂದ ಕೈ ಚಾಚಿ ಹುಲ್ಲು ಕೀಳಬಹುದು.

"ಇದಕ್ಕ ಸ್ಪೋರ್ಟ್ಸ್ ಕಾರ್ ಅಂತಾರ ಮಾಮಾ."

"ಮನಿ ಮಂದಿ ಎಲ್ಲಿ ಕೂಡ್ತಾರ?"

"ಮನಿ ಮಂದಿಗಲ್ಲ ಇದು."

"ಹಂಗಾದ್ರ ಕಾರು ಯಾಕ ಅಂತಿ, ನಾಲ್ಕು ಗಾಲಿ ಸೈಕಲ್ ಅನ್ನು."

ಆ ಸರ್ಕಾರದ ಕಾಯಿದೆಯ ಪ್ರಕಾರ ಹಳೆಯ ಕಾರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯಬೇಕಂತೆ. ಎರಡು ದಿನ ಮೊದಲು ಒಯ್ದಾಗ ಮುಂದಿನ ಎರಡೂ ಟೈರು ಬೋಳಾಗಿವೆ ಎಂದು ಸೀಮೆಸುಣ್ಣದ ಗುರುತು ಹಾಕಿ ನಪಾಸು ಮಾಡಿದ್ದರು. ಹಿಂದಿನ ಎರಡು ಹೇಗೋ ಪಾಸಾಗಿದ್ದವು. ಟೈರು ಬದಲಿಸದೆ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ.

"ಎರಡು ಟೈರಲ್ಲೇನು? ನಾಳಿ ಹಾಕಿಸು. ಐತಾರ ಸಿಸ್ಟರ್ ಕಡಿ ಹೋಗೂಣು" ಎಂದೆ. ಸಿಸ್ಟರ್ ಇರುವುದು ವೇಲ್ಸ್ ಎಂಬ ಸೀಮೆಯ ಬೆಟ್ಟದ ಹಳ್ಳಿಯಲ್ಲಿ, ಅಲ್ಲಿಂದ ನೂರಿಪ್ಪತ್ತು ಮೈಲಿ.

"ಯಾವುದರ ತಂದು ಹಾಕಾಕ ಬರಂಗಿಲ್ಲ ಮಾಮಾ. ನೋಡಿ ಆರಿಸಬೇಕು."

ಮೊದಲ ಶನಿವಾರ

ನಮ್ಮ ಟೈರಿನ ದುಕಾನು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಕಲ್ಲಿನ ತೊಟ್ಟಿಯಲ್ಲಿ ಕಪ್ಪು ನೀರು, ಗೋಡೆಗೆ ಒರಗಿಸಿದ ಸುತ್ತಿಗೆ, ಮೈಯೆಲ್ಲ ಮಸಿಯಾದ ಮನುಷ್ಯ. ಇಲ್ಲಿ ಅಂಗಡಿಯವನು ಕೊರಳಿಗೆ ಟೈ ಕಟ್ಟಿದ್ದ. ಟೈರುಗಳನ್ನು ಜರಿ ಸೀರೆಯಂತೆ ಕಪಾಟಿನಲ್ಲಿ ಜೋಡಿಸಿದ್ದ. ನಮಗೆ ಕಾಫಿ ಕೊಟ್ಟ. ಒಳಗೆ ಹೋದ ಐದೇ ನಿಮಿಷದಲ್ಲಿ ಒಂದು ಟೈರು ಇಳಿಸಿ, ನಿಮ್ಮ ಕಾರಿಗೆ ಇದು ಸರಿ ಎಂದ. ನಾನು ಎದ್ದೇ ನಿಂತೆ, ಕೆಲಸ ಮುಗಿಯಿತೆಂದು.

ಶರಣಪ್ಪ ಜೇಬಿನಿಂದ ಒಂದು ನೋಟ್‌ಬುಕ್ ತೆಗೆದ. ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದ! ಅಗಲ ಎಷ್ಟು, ಅಗಲಕ್ಕೆ ಎತ್ತರ ನೂರಕ್ಕೆ ಎಪ್ಪತ್ತೋ ಅರವತ್ತೋ, ಮಳೆಯಲ್ಲಿ ಹಿಡಿತ ಹೇಗೆ, ಒಣಗಿದ ರಸ್ತೆಯಲ್ಲಿ ಹೇಗೆ, ಪಕ್ಕದ ಗೋಡೆ ಗಟ್ಟಿಯೋ ಮೆತ್ತಗೋ. ಅಂಗಡಿಯವನು ಒಂದಕ್ಕೆ ಉತ್ತರ ಹೇಳಿದರೆ ಅದರಿಂದ ಇನ್ನೆರಡು ಪ್ರಶ್ನೆ ಹುಟ್ಟುತ್ತಿದ್ದವು. ಟೈರಿನ ಮೈಮೇಲೆ ಬರೆದ ಅಕ್ಷರದ ಬಗ್ಗೆಯೇ ಮುಕ್ಕಾಲು ಗಂಟೆ ಹೋಯಿತು.

"ಎಚ್ ಅಂದ್ರ ತಾಸಿಗೆ ನೂರಾ ಮೂವತ್ತು ಮೈಲಿತನಕ ತಡೀತದ ಮಾಮಾ. ವಿ ಅಂದ್ರ ಅದಕ್ಕಿಂತ ಜಾಸ್ತಿ."

"ನಿನ್ನ ದವಾಖಾನಿ ಎಷ್ಟು ದೂರ ಅದ?"

"ಎರಡು ಮೈಲಿ."

"ಕಾಯಿದಿ ಎಷ್ಟರ ಮ್ಯಾಲ ಓಡಸಬ್ಯಾಡ ಅಂತದ?"

"ಎಪ್ಪತ್ತು."

"ಮತ್ತ?"

"ತಿರುವಿನಾಗ ಹಿಡಿತ ಬೇಕಲ್ಲ ಮಾಮಾ."

ಶನಿವಾರ ಅಲ್ಲಿ ಅಂಗಡಿ ಅರ್ಧ ದಿನ. ಮಧ್ಯಾಹ್ನ ಒಂದಕ್ಕೆ ಅಂಗಡಿಯವನು ಗಡಿಯಾರ ನೋಡಿದ, ಬಾಗಿಲು ಹಾಕಿದ. ಶರಣಪ್ಪ ಇನ್ನೊಂದು ಕಡೆ ಕೇಳಿ ನೋಡೋಣ ಎಂದ. ಮರುದಿನ ಭಾನುವಾರ. ಅವರ ಭಾನುವಾರ ಎಂದರೆ ಕರ್ಫ್ಯೂ ಹಾಕಿದ ಹಾಗೆ. ಬೀದಿಯಲ್ಲಿ ನಾಯಿ ಸಹ ಒಡೆಯನ ಜೊತೆಗಲ್ಲದೆ ಹೊರಬರುವುದಿಲ್ಲ. ಅವನು ಸಿಸ್ಟರ್ ಮನೆಗೆ ಫೋನು ಮಾಡಿ, ಬರುವ ವಾರ ಬರುತ್ತೇವೆ ಎಂದ. ನಾನು ಕಿಟಕಿಯಲ್ಲಿ ಕುಳಿತು ಮಳೆ ನೋಡಿದೆ. ನಮ್ಮಲ್ಲಿ ಮಳೆ ಬಂದರೆ ಬಂತು, ಹೋದರೆ ಹೋಯಿತು. ಇದು ಬರುವುದೂ ಇಲ್ಲ, ಹೋಗುವುದೂ ಇಲ್ಲ, ಸುಮ್ಮನೆ ಇರುತ್ತದೆ.

ಎರಡನೆಯ ಶನಿವಾರ

ಆ ವಾರವೆಲ್ಲ ಊಟಕ್ಕೆ ಕೂತರೆ ಟೈರು, ಎದ್ದರೆ ಟೈರು. ಮೇಜಿನ ಮೇಲೆ ಕಾರಿನ ಪತ್ರಿಕೆಗಳ ರಾಶಿ. ಆಸ್ಪತ್ರೆಯಲ್ಲಿ ಇವನು ರೋಗಿಯನ್ನು ನೋಡಿದ ಕೂಡಲೇ ನಿರ್ಧಾರ ಮಾಡುತ್ತಾನೆ ಎಂದು ಅವನ ಜೊತೆಯ ಡಾಕ್ಟರೊಬ್ಬ ನನ್ನ ಮುಂದೆ ಹೊಗಳಿದ. ಮನುಷ್ಯರ ವಿಷಯದಲ್ಲಿ ಇರಬಹುದು ಎಂದೆ.

ಎರಡನೆಯ ಅಂಗಡಿಯವನು ಗಾಲಿಯನ್ನೇ ತನ್ನಿ, ಅಗಲದ ಟೈರು ಕೂಡುತ್ತದೋ ನೋಡೋಣ ಎಂದಿದ್ದ. ಕಾರು ಓಡಿಸುವಂತಿಲ್ಲ. ಆದ್ದರಿಂದ ಒಂದು ಗಾಲಿ ಬಿಚ್ಚಿ ಇಬ್ಬರೂ ಹೊತ್ತುಕೊಂಡು ಊರ ಬಸ್ಸಿಗೆ ನಿಂತೆವು. ಮಾನ್ವಿ ಬಸ್ಸಿನಲ್ಲಿ ಆಡು ಹತ್ತುತ್ತದೆ, ಭತ್ತದ ಚೀಲ ಹತ್ತುತ್ತದೆ, ಒಮ್ಮೆ ತೊಟ್ಟಿಲು ಸಮೇತ ಕೂಸು ಹತ್ತಿದ್ದನ್ನು ಕಂಡಿದ್ದೇನೆ. ಇಲ್ಲಿ ಡ್ರೈವರ್ ಗಾಲಿ ನೋಡಿ ತಲೆಯಾಡಿಸಿದ. ಬಸ್ಸಿನಲ್ಲಿ ಬಸ್ಸಿನ ಗಾಲಿಗಳು ಮಾತ್ರ ಇರಬಹುದು ಎಂದ. ಎರಡು ಮೈಲಿ ನಡೆದೆವು. ಇಳಿಜಾರಿನಲ್ಲಿ ಉರುಳಿಸಿದೆವು, ಏರಿನಲ್ಲಿ ಹೊತ್ತೆವು. ಒಂದು ಮುದುಕಿ ತನ್ನ ಮನೆಯ ಮುಂದೆ ನಿಂತು, ಪಾಪ, ಕಾರಿನ ಉಳಿದ ಭಾಗ ಎಲ್ಲಿ ಕಳೆದುಕೊಂಡಿರಿ ಎಂದು ಕೇಳಿದಳು.

ಈ ಅಂಗಡಿಯವನು ಎಳೆ ವಯಸ್ಸಿನ, ಕಾರು ಪಂದ್ಯದ ಹುಚ್ಚ. ಅವನು ಕೊಟ್ಟ ಟೈರಿಗೆ ಉಗುರು ಒತ್ತಿ ನೋಡಿದೆ. ಬೆಲ್ಲಕ್ಕೆ ಒತ್ತಿದಂತೆ ಇಳಿಯಿತು! ಎಷ್ಟು ದಿನ ಬಾಳುತ್ತದೆ ಎಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಚೆನ್ನಾಗಿ ಓಡಿಸಿದರೆ ಒಂದು ವರ್ಷ, ತುಂಬಾ ಚೆನ್ನಾಗಿ ಓಡಿಸಿದರೆ ಆರು ತಿಂಗಳು ಎಂದು ಹೆಮ್ಮೆಯಿಂದ ಹೇಳಿದ. ಮೆತ್ತಗಿದ್ದರೆ ತಾನೇ ರಸ್ತೆ ಹಿಡಿಯುವುದು, ಬೇಗ ಸವೆಯುವುದೇ ಅದರ ಗುಣವಂತೆ. ನಮ್ಮ ಡಿಪೋದಲ್ಲಿ ಒಂದು ಟೈರು ಮೂರು ಸಲ ರೀಟ್ರೆಡ್ ಆಗಿ, ಬಸ್ಸಿನಿಂದ ಇಳಿದ ಮೇಲೆ ಎತ್ತಿನ ಗಾಡಿಗೆ ಹೋಗಿ, ಗಾಡಿಯಿಂದ ಚಪ್ಪಲಿಯಾಗಿ, ಇನ್ನೂ ಯಾರದೋ ಕಾಲಡಿ ಬಾಳುತ್ತಿರುತ್ತದೆ.

"ಲೇ ಶರಣಾ, ಕುರ್ಡ್ಯಾಗ ಕುರಿ ಹಿಂದ ಟೈರಿನ ಚಪ್ಪಲಿ ಮೆಟ್ಟಿಕೊಂಡು ತಿರುಗಿದವ ನೀ. ಅವಾಗ ಎಚ್ಚೋ ವಿಯೋ ಅಂತ ಕೇಳಿದ್ದೇನು?"

ಅವನು ನಗಲಿಲ್ಲ. ಟೈರಿನ ಗೀರುಗಳ ಮೇಲೆ ಕೈಯಾಡಿಸುತ್ತ, "ನನ್ನ ಜೀವನದಾಗ ಇದೊಂದ ಮಾಮಾ ನಾ ನನಗಂತ ಕೊಂಡಿದ್ದು. ಬರೋಬ್ಬರಿ ಮಾಡೂಣು ಅಂತ" ಎಂದ.

ನಾನೇ ಗಾಲಿ ಎತ್ತಿ, ಅಳೆದು ನೋಡು ಎಂದು ಅಂಗಡಿಯವನ ಮುಂದಿಟ್ಟೆ. ಆದರೆ ಒಂದು ಗಂಟೆಗೆ ಆ ಅಂಗಡಿಯೂ ಬಾಗಿಲು ಹಾಕಿತು. ಅಗಲದ ಟೈರು ಗಾಲಿಯ ಮೇಲಿನ ಮಡ್ಗಾರ್ಡಿಗೆ ತಾಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗಲಿಲ್ಲ. ಗಾಲಿ ಹೊತ್ತು ವಾಪಸು ಬಂದೆವು. ಮತ್ತೆ ಭಾನುವಾರ, ಮತ್ತೆ ಫೋನು, ಮತ್ತೆ ಮಳೆ.

ಬುಧವಾರ

ನನ್ನ ತಾಳ್ಮೆಯನ್ನು ಡಿಪೋದಲ್ಲಿ ಎಲ್ಲರೂ ಹೊಗಳುತ್ತಾರೆ. ಆ ಬುಧವಾರ ಅದು ಮುಗಿಯಿತು. ಶರಣಪ್ಪ ಕೆಲಸಕ್ಕೆ ಹೋದ ಮೇಲೆ, ಸಿಸ್ಟರ್ ವಿಳಾಸದ ಲಕೋಟೆ ಜೇಬಿನಲ್ಲಿಟ್ಟು, ರೊಟ್ಟಿ ಕಟ್ಟಿಕೊಂಡು, ಒಬ್ಬನೇ ರೈಲು ಹತ್ತಿದೆ. ಎರಡು ಕಡೆ ಬದಲಿಸಿ, ಬೆಟ್ಟದ ಬುಡದ ಕೊನೆಯ ನಿಲ್ದಾಣದಲ್ಲಿ ಸರಿಯಾಗಿಯೇ ಇಳಿದೆ. ಅಲ್ಲಿಂದ ಹಳ್ಳಿ ಹದಿನಾಲ್ಕು ಮೈಲಿ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ನಿಲ್ದಾಣದ ಮುದುಕ ನನ್ನನ್ನು ಮರುಕದಿಂದ ನೋಡಿ, ಮಂಗಳವಾರ ಎಂದ. ನಾನು ಸಮಯ ಕೇಳಿದ್ದೆ, ಅವನು ವಾರ ಹೇಳಿದ್ದ. ಅಲ್ಲಿಗೆ ಬಸ್ಸು ಸಂತೆಯ ದಿನ ಮಾತ್ರ. ನಮ್ಮ ದೇವದುರ್ಗದ ಬಸ್ಸನ್ನು ತಡ ಎಂದು ಬೈದದ್ದಕ್ಕೆಲ್ಲ ಆ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಕ್ಷಮೆ ಕೇಳಿ, ರೊಟ್ಟಿ ತಿಂದು, ಬಂದ ದಾರಿಯಲ್ಲೇ ಹಿಂದಿರುಗಿದೆ.

ಅವರ ಪ್ರಯಾಣ ಎರಡು ದಿನ ಮುಂದೆ ಹೋಗಿದ್ದರೆ ಬರುವ ಮಂಗಳವಾರ ಬಸ್ಸಿಗೇ ಹೋಗುತ್ತೇನೆ ಎಂದೆ. ಶರಣಪ್ಪ ಸಿಸ್ಟರ್ ಮನೆಗೆ ಕೇಳಿ ನೋಡಿದ. ಇಲ್ಲ, ಅವರು ಸೋಮವಾರವೇ ಹೊರಡುವವರು. ಅವನ ಮುಖ ಬಾಡಿತು.

"ಈ ಶನಿವಾರ ಏನಾದ್ರೂ ಸರಿ ಮಾಮಾ. ತಪ್ಪಂಗಿಲ್ಲ."

ಮೂರನೆಯ ಶನಿವಾರ

ಈ ಸಲ ಕಾರನ್ನೇ ಬಾಡಿಗೆ ಲಾರಿಯ ಮೇಲೆ ಹೇರಿ ಒಯ್ದೆವು. ಮೂರನೆಯ ಅಂಗಡಿಯಲ್ಲಿ ಅವನು ಕೊನೆಗೂ ಒಂದು ಟೈರು ಆರಿಸಿದ. ಯಾವುದು ಅಂತೀರಿ? ಮೊದಲ ಶನಿವಾರ, ಕೊರಳಿಗೆ ಟೈ ಕಟ್ಟಿದವನು ಐದು ನಿಮಿಷದಲ್ಲಿ ಇಳಿಸಿ ಕೊಟ್ಟಿದ್ದನಲ್ಲ, ಅದೇ ಕಂಪನಿಯ ಅದೇ ಟೈರು. ನಾನು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಚಿತ್ರ ನೋಡುತ್ತ ನಿಂತೆ.

ನಾಲ್ಕೂ ಬದಲಿಸಬೇಕೆಂದು ಅವನ ಆಸೆ. ಅಂಗಡಿಯಲ್ಲಿದ್ದದ್ದು ಎರಡೇ. ಸರಿ, ನಪಾಸಾದ ಎರಡನ್ನು ಬಿಸಾಕಿ ಈ ಎರಡನ್ನು ಹಾಕಿದರೆ ಪರೀಕ್ಷೆಯ ಚೀಟಿ ಅಲ್ಲೇ ಸಿಗುತ್ತದೆ. ಟೈರು ಕೂಡಿಸುವವ ಹೊಸ ಎರಡನ್ನೂ ಹಿಂದಕ್ಕೆ ಹಾಕುತ್ತೇನೆ, ಹಿಂದಿನ ಹಳೆಯವನ್ನು ಮುಂದಕ್ಕೆ ತರುತ್ತೇನೆ ಎಂದು ಜಾಕು ಎತ್ತಿದ.

ಇಲ್ಲಿ ನಾನು ಬಾಯಿ ಹಾಕಿದೆ. ಮೂರು ವಾರ ಸುಮ್ಮನಿದ್ದವನು, ನನಗೆ ಗೊತ್ತಿರುವ ಒಂದೇ ವಿದ್ಯೆಯಲ್ಲಿ ತಪ್ಪು ನಡೆಯುವಾಗ ಹೇಗೆ ಸುಮ್ಮನಿರಲಿ? ನಮ್ಮಲ್ಲಿ ಹೊಸ ಟೈರು ಯಾವಾಗಲೂ ಮುಂದಕ್ಕೆ. ರೀಟ್ರೆಡ್ ಆದದ್ದು ಹಿಂದಕ್ಕೆ. ಹಿಂದೆ ನಾಲ್ಕು ಟೈರು ಇರುತ್ತವೆ, ಒಂದು ಸಿಡಿದರೂ ಬಸ್ಸು ನಿಲ್ಲುತ್ತದೆ. ಮುಂದೆ ಸಿಡಿದರೆ ಸ್ಟೀರಿಂಗ್ ಕೈಬಿಟ್ಟು ಐವತ್ತು ಜನ ಹಳ್ಳದಲ್ಲಿ. ಈ ನಿಯಮ ಮುರಿದ ಮೆಕ್ಯಾನಿಕ್ಕಿಗೆ ನಾನೇ ಮೆಮೊ ಟೈಪು ಮಾಡಿದ್ದೇನೆ.

"ಹೊಸಾವು ಮುಂದ ಹಾಕಸು" ಎಂದೆ.

"ಅವ ಹಿಂದ ಹಾಕಬೇಕು ಅಂತಾನ ಮಾಮಾ."

"ಅವ ಎಷ್ಟು ವರ್ಷದಿಂದ ಟೈರು ನೋಡ್ಯಾನ? ಕೇಳು."

ಕೇಳಿದ. ನಾಲ್ಕು ವರ್ಷ. ನಾನು ಇಪ್ಪತ್ಮೂರು. ಶರಣಪ್ಪ ಅವನ ಮುಖ ನೋಡಿದ, ನನ್ನ ಮುಖ ನೋಡಿದ. ಮೂರು ವಾರ ನನ್ನನ್ನು ಕಾಯಿಸಿದ ತಪ್ಪು ಅವನ ಕಣ್ಣಲ್ಲಿತ್ತು. ಮಾಮಾ ಹೇಳಿದ ಹಾಗೆ ಮಾಡಿ ಎಂದುಬಿಟ್ಟ. ಟೈರಿನವನು ಭುಜ ಕುಣಿಸಿ, ಗಿರಾಕಿಯ ಇಷ್ಟದಂತೆ ಮುಂದೆ ಎಂದು ಚೀಟಿಯಲ್ಲಿ ಬರೆದು, ಸಹಿ ಹಾಕಿಸಿಕೊಂಡ. ಹದಿನಾರು ದಿನದಲ್ಲಿ ಮೊದಲ ಸಲ ಆ ದೇಶದಲ್ಲಿ ನನ್ನ ಮಾತು ನಡೆಯಿತೆಂದು ನಾನು ಎದೆಯುಬ್ಬಿಸಿ ಹೊರಬಂದೆ.

ಭಾನುವಾರ, ಬೆಟ್ಟದ ದಾರಿ

ಬೆಳಗಿನ ಏಳಕ್ಕೆ ಹೊರಟೆವು. ದೊಡ್ಡ ರಸ್ತೆಯಲ್ಲಿ ಕಾರು ಹಾವು ಹರಿದಂತೆ ಹೋಯಿತು. ನೋಡಿದೆಯಾ ಮುಂದಿನ ಹಿಡಿತ ಎಂದೆ. ಹೌದು ಮಾಮಾ ಎಂದ. ಹತ್ತು ಗಂಟೆಗೆ ಸಿಸ್ಟರ್ ಮನೆಯಲ್ಲಿರಬೇಕಿತ್ತು.

ಬೆಟ್ಟ ಸೇರಿದ ಮೇಲೆ ಜಿನುಗು ಮಳೆ. ಕಲ್ಲಿನ ಗೋಡೆಗಳ ನಡುವೆ ಎರಡು ಗಾಡಿ ಹಾಯುವಷ್ಟು ದಾರಿ, ಬದಿಗೆ ಹಳ್ಳ. ಇಳಿಜಾರಿನ ಒಂದು ತಿರುವಿನಲ್ಲಿ ಶರಣಪ್ಪ ವೇಗ ಇಳಿಸಿದ. ಮುಂಭಾಗ ಹೇಳಿದ ಮಾತು ಕೇಳಿತು. ಹಿಂಭಾಗ ಕೇಳಲಿಲ್ಲ. ಯಾರೋ ಬಾಲ ಹಿಡಿದು ಎಳೆದಂತೆ ಕಾರಿನ ಹಿಂಬದಿ ಜಾರಿ, ನಮ್ಮನ್ನು ದಾಟಿ ಮುಂದಕ್ಕೆ ಬಂತು. ಬೆಟ್ಟ, ಗೋಡೆ, ಆಕಾಶ, ಮತ್ತೆ ಬೆಟ್ಟ. ಆಮೇಲೆ ಹಿಂದಿನಿಂದ ಒಂದು ಮೆತ್ತನೆಯ ಹೊಡೆತ, ಮೌನ. ಕಾರು ನಾವು ಬಂದ ಕಡೆಗೇ ಮುಖ ಮಾಡಿ ನಿಂತಿತ್ತು, ಅದರ ಹಿಂಭಾಗ ಬದಿಯ ಕೆಸರು ಹಳ್ಳದಲ್ಲಿತ್ತು. ಗೋಡೆಯ ಮೇಲಿಂದ ಮೂರು ಕುರಿಗಳು ಇಣುಕಿ ನೋಡುತ್ತಿದ್ದವು.

"ಮಾಮಾ, ಏನಾತು? ಪೆಟ್ಟು ಬಿತ್ತೇನು?"

"ನನಗೇನಾಗಿಲ್ಲ. ನಿನಗ?"

"ನನಗೂ ಇಲ್ಲ."

ಒಂದು ಗಂಟೆಯ ಮೇಲೆ ಕುರಿಗಳ ಒಡೆಯ ಟ್ರ್ಯಾಕ್ಟರ್ ಮೇಲೆ ಬಂದ. ಕೆಂಪು ಮುಖದ, ಮಾತು ಕಡಿಮೆಯ ಮನುಷ್ಯ. ಮೊದಲು ಹಿಂದಿನ ಟೈರಿಗೆ ಬೂಟಿನಿಂದ ಒದ್ದ. ಆಮೇಲೆ ಮುಂದೆ ಹೋಗಿ ಬಗ್ಗಿ ನೋಡಿದ. ಹೊಸದನ್ನು ಯಾರು ಮುಂದೆ ಹಾಕಿಸಿದ್ದು ಎಂದ. ಶರಣಪ್ಪ ಕುರಿಗಳನ್ನು ನೋಡುತ್ತ ನಿಂತ. ನಾನು ಶಾಲೆಯ ಹುಡುಗನಂತೆ ಕೈ ಎತ್ತಿದೆ.

ಅವನು ಬೈಯಲಿಲ್ಲ. ಅಂಗೈಯನ್ನೇ ಕಾರು ಮಾಡಿ ತೋರಿಸಿದ: ಮುಂದಿನದು ರಸ್ತೆ ಹಿಡಿದು ನಿಂತಾಗ ಹಿಂದಿನದು ಹಿಡಿಯದಿದ್ದರೆ ಗಾಡಿ ತಿರುಗುತ್ತದೆ. ನಿಮ್ಮ ಬಸ್ಸಿನ ತೂಕ ಹಿಂದೆ, ಹಿಂದೆ ನಾಲ್ಕು ಟೈರು, ಅಲ್ಲಿ ನೀವು ಹೇಳಿದ್ದು ಸರಿ. ಇದು ಬಸ್ಸಲ್ಲ. ಇಷ್ಟೇ ಮಾತನ್ನು ಟೈರಿನ ಅಂಗಡಿಯಲ್ಲಿ ಆ ನಾಲ್ಕು ವರ್ಷದವನನ್ನು ಯಾಕಪ್ಪಾ ಎಂದು ಕೇಳಿದ್ದರೆ ಅವನೂ ಹೇಳುತ್ತಿದ್ದ. ನಾನು ಅವನ ಸರ್ವಿಸು ಕೇಳಿದ್ದೆ, ಕಾರಣ ಕೇಳಿರಲಿಲ್ಲ.

ಟ್ರ್ಯಾಕ್ಟರಿನಿಂದ ಎಳೆದು, ಅವನ ಅಂಗಳಕ್ಕೆ ಒಯ್ದು, ಮುಂದಿನ ಗಾಲಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಮಾಡುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಹೊಡೆತಕ್ಕೆ ಸೊಟ್ಟಗಾದ ಹೊಗೆಯ ಕೊಳವೆಯನ್ನು ತಂತಿಯಿಂದ ಕಟ್ಟಲು ಇನ್ನೊಂದು ಗಂಟೆ. ಅವನ ಮನೆಯಲ್ಲಿ ಫೋನು ಕೆಟ್ಟಿತ್ತು. ನಾನು ಕುರಿಗಳ ನಡುವೆ ನಿಂತು ಗಡಿಯಾರ ನೋಡಿದೆ. ನಮ್ಮ ಕರಿ ಕುರಿಗಳಿಗಿಂತ ಎರಡು ಪಟ್ಟು ಉಣ್ಣೆ, ಆದರೆ ಮುಖದ ಮೇಲಿನ ಮೊಂಡುತನ ಅದೇ. ನನ್ನ ಮುಖದ ಮೇಲೂ ಅದೇ ಇದ್ದಿರಬೇಕು.

ಸಿಸ್ಟರ್ ಮನೆ

ನಾವು ಮುಟ್ಟಿದಾಗ ಸಂಜೆಯ ಐದು. ಬಾಗಿಲು ತೆಗೆದ ತಮ್ಮನ ಮಗಳು, ಅತ್ತೆ ಬೆಳಗಿನಿಂದ ಕೋಟು ಹಾಕಿಕೊಂಡೇ ಕೂತಿದ್ದಾರೆ, ಬಿಚ್ಚಲು ಕೇಳುತ್ತಿಲ್ಲ ಎಂದಳು. ಒಳಗೆ ಕಟ್ಟಿದ ಪೆಟ್ಟಿಗೆಗಳ ನಡುವೆ ಒಂದು ಕುರ್ಚಿಯಲ್ಲಿ ಸಿಸ್ಟರ್. ಕೂದಲು ಪೂರಾ ಬೆಳ್ಳಗಾಗಿ, ಮೈ ಅರ್ಧವಾಗಿತ್ತು. ಕಣ್ಣು ನಮ್ಮ ಕಡೆ ತಿರುಗಿದರೂ ನಮ್ಮನ್ನು ಮುಟ್ಟಲಿಲ್ಲ.

"ಹನುಮಂತಪ್ಪಾ, ಬಂದೇನು? ಇದೇನು ಹತ್ತು ಗಂಟೆ ಆತೇನಪ್ಪಾ ನಿಮಗ?"

ಅದೇ ದನಿ. ಹೆರಿಗೆಯ ಕೋಣೆಯಿಂದ ಹೊರಬಂದು ಬಾಗಿಲಲ್ಲಿ ಗುಂಪುಗಟ್ಟಿದ ಗಂಡಸರನ್ನು ಗದರುತ್ತಿದ್ದ ಮಾನ್ವಿಯ ದನಿ.

"ಗಾಡಿ ಕೈ ಕೊಡ್ತುರಿ ಸಿಸ್ಟರ್" ಎಂದೆ.

"ಗಾಡಿ ಕೊಡಲಿಲ್ಲ ಬಿಡ್ರಿ, ಮಾಮಾ ಕೊಟ್ಟ" ಎಂದ ಶರಣಪ್ಪ.

ಅವರು ನಕ್ಕರು. ಗಂಗಮ್ಮನಿಗೆ ಎಷ್ಟು ಮಕ್ಕಳು, ಕಾಲುವೆಗೆ ನೀರು ಬರುತ್ತದೋ, ಮಲ್ಲವ್ವನಿಗೆ ಸಿಟ್ಟು ಬಂದರೆ ಇನ್ನೂ ಊಟ ಬಿಡುತ್ತಾಳೋ, ಎಲ್ಲ ಕೇಳಿದರು. ರೊಟ್ಟಿಯ ಚೂರೊಂದನ್ನು ಚಹಾದಲ್ಲಿ ನೆನೆಸಿ ತಿಂದರು. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ, ಸಾವಿರಾರು ಮೈಲಿ ಹೊತ್ತು ತಂದ ಪ್ರಶ್ನೆ ಮಾತ್ರ ಕೇಳಲಿಲ್ಲ. ಕತ್ತಲಾಗುವ ಮುಂಚೆ ಬೆಟ್ಟ ಇಳಿಯಬೇಕೆಂದು ಶರಣಪ್ಪ ಎದ್ದು ನಿಂತ. ಆಗಲೂ ನನ್ನಿಂದ ಕೇಳಲಾಗಲಿಲ್ಲ. ಅವರೇ ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದರು.

"ಮಲ್ಲವ್ವ ಏನು ಕೇಳಂದಾಳ?"

ನಾನು ಅವರ ಪಕ್ಕದ ಪೆಟ್ಟಿಗೆಯ ಮೇಲೆ ಕೂತೆ.

"ನನಗ ಗೊತ್ತದ. ವರ್ಷಾ ನಿನ್ನ ಪತ್ರ ಬಂದಾಗೊಮ್ಮೆ, ಈ ಸಲ ಕೇಳಿರಬೇಕು ಅಂತ ಕಡೀತನಕ ಓದತಿದ್ದೆ. ನೀ ಕೇಳಲೇ ಇಲ್ಲ."

"ಎಲ್ಲಿ ಇಟ್ಟೀರಿ ಸಿಸ್ಟರ್?" ಎಂದೆ.

"ದವಾಖಾನಿ ಬಾವಿ ಹಿಂದ, ಗ್ವಾಡಿ ಮೂಲ್ಯಾಗ. ಕಲ್ಲು ಇಟ್ಟರ ನಿಮ್ಮ ಮಂದಿ ಏನಿದು ಎಂತಾದ್ದು ಅಂತ ಕೇಳ್ತಾರ, ಕಿತ್ತಿ ಒಗೀತಾರ. ಏನೂ ಇಡದಿದ್ರ ನಾಯಿ ನರಿ ಕೆದರತಾವ. ನಮ್ಮ ಜೀಪಿನ ಹಳೇ ಟೈರು ಬಿದ್ದಿತ್ತು. ಅದನ್ನ ಅರ್ಧಾ ಹೂಳಿ ಒಳಗ ಕಣಗಿಲ ಹಚ್ಚಿದೆ. ಕಣಗಿಲ ಆಡು ಕುರಿ ಮುಟ್ಟಂಗಿಲ್ಲ. ಟೈರು ನೋಡಿ ಯಾರೂ ಏನೂ ಕೇಳಂಗಿಲ್ಲ." ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, "ಅವ ಸತ್ತು ಹುಟ್ಟಿದ್ದಿಲ್ಲ ಹನುಮಂತಪ್ಪಾ. ಹಂಗ ಹೇಳು ಅಂದ್ರು ನಿಮ್ಮ ಹಿರ್‍ಯಾರು. ದೀಪ ಹಚ್ಚೋತನಕ ಇದ್ದ. ನನ್ನ ತೊಡೀ ಮ್ಯಾಲ ಇದ್ದ. ಅವ ಒಬ್ಬಂಟಿ ಇದ್ದಿದ್ದಿಲ್ಲಂತ ಹೇಳು ಆಕಿಗೆ" ಎಂದರು.

ವಾಪಸು ಬರುವಾಗ ಅದೇ ತಿರುವು ಬಂತು. ಕಾರು ಅಲುಗದೆ ದಾಟಿತು. ನೂರಿಪ್ಪತ್ತು ಮೈಲಿ ಶರಣಪ್ಪ ಟೈರಿನ ಮಾತು ಎತ್ತಲಿಲ್ಲ.

ಮಾನ್ವಿ

ಆ ದವಾಖಾನೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಕಟ್ಟಡದಲ್ಲಿ ಈಗ ಭತ್ತದ ಚೀಲ ಇಡುತ್ತಾರೆ. ಬಂದ ಮರುದಿನ ಮಧ್ಯಾಹ್ನ ನಾನೂ ಮಲ್ಲಮ್ಮನೂ ಹೋದೆವು. ಕಾವಲುಗಾರನಿಗೆ ನಾನು ಗೊತ್ತು. ಬಾವಿಯ ಹಿಂದೆ ಒಂದು ಹಳೆ ಟೈರು ಇದೆಯೇನು ಎಂದು ಕೇಳಿದ್ದಕ್ಕೆ, "ಏನ್ರಿ ಸಾಹೇಬ್ರ, ಡಿಪೋದಾಗಿನ ಟೈರು ಸಾಲಲಿಲ್ಲೇನು, ಇಲ್ಲೀತನ ಹುಡಿಕ್ಕೋತ ಬಂದೀರಿ?" ಎಂದು ನಕ್ಕು ಕೈತೋರಿಸಿದ.

ಇತ್ತು. ಅರ್ಧ ನೆಲದೊಳಗೆ, ಅರ್ಧ ಹೊರಗೆ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ, ಮೈಯೆಲ್ಲ ಸೀಳು. ಕಣಗಿಲ ಆಳೆತ್ತರ ಬೆಳೆದು ಟೈರನ್ನು ಒಂದು ಕಡೆ ಹಿಗ್ಗಿಸಿತ್ತು. ಹೂವಿತ್ತು. ಮಲ್ಲಮ್ಮ ಕೂತಳು. ಟೈರಿನ ಮೇಲೆ ಅಂಗೈ ಇಟ್ಟು, "ಸುಡಾಕತ್ತದ" ಎಂದು, ತಂದಿದ್ದ ತಂಬಿಗೆಯ ನೀರನ್ನು ಅದರ ಸುತ್ತ ಸುರಿದಳು. ನಾನು ಸಿಸ್ಟರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ತೊಡೆಯ ಮೇಲಿದ್ದ ಎಂದದ್ದನ್ನೂ ಹೇಳಿದೆ.

ಅವಳು ಟೈರಿನೊಳಗಿನ ಒಣಗಿದ ಎಲೆ ಆರಿಸಿ ತೆಗೆಯುತ್ತ ಕೇಳಿದಳು. "ಯಾರ ಹಂಗ ಇದ್ದನಂತ?"

ನಾನು ಕೇಳಿರಲಿಲ್ಲ.

"ಕೇಳಲಿಲ್ಲ" ಎಂದೆ.

"ಟೈರಿನ ನಂಬರು ಆಗಿದ್ರ ಕೇಳತಿದ್ರಿ" ಎಂದಳು ಮಲ್ಲಮ್ಮ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಒಂದಿಷ್ಟು ಸರಿದು, ಕಣಗಿಲದ ನೆರಳಿನಲ್ಲಿ ನನಗೂ ಕೂಡಲು ಜಾಗ ಮಾಡಿದಳು.